ಕೆನಡಿ ಕೊಲೆಯ ಕಾದಂಬರಿಗಳನ್ನು ಬೈಯುವ ಮೊದಲು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ರಾಜಕೀಯ ಕೊಲೆಗಳನ್ನು ಇಟ್ಟುಕೊಂಡು ಬರೆದ ಪಿತೂರಿ ಕಾದಂಬರಿಗಳ ಬಗ್ಗೆ ಒಂದು ಲೇಖನ ಬಂದಿತ್ತು. ಈ ಪುಸ್ತಕಗಳು ಜನರ ತಲೆಯಲ್ಲಿ ಇಲ್ಲದ ಅನುಮಾನ ತುಂಬುತ್ತವೆ, ಸರ್ಕಾರ, ಕೋರ್ಟು, ತನಿಖೆ ಯಾವುದನ್ನೂ ನಂಬದ ಹಾಗೆ ಮಾಡುತ್ತವೆ, ಸಾರ್ವಜನಿಕ ಗ್ರಂಥಾಲಯಗಳು ಇಂಥವುಗಳಿಗೆ ದುಡ್ಡು ಹಾಕಬಾರದು ಎಂದು ಲೇಖಕರು ಬರೆದಿದ್ದಾರೆ. ಉದಾಹರಣೆಗೆ ತೆಗೆದುಕೊಂಡಿದ್ದು ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ಕೊಲೆಯ ಮೇಲಿನ ಕಾದಂಬರಿಗಳನ್ನು. ನಾನು ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಈ ಕಾದಂಬರಿಗಳನ್ನು ಇಷ್ಟಪಟ್ಟು ಓದಿದವಳು, ಅವುಗಳ ಜೊತೆಗೆ ಆ ಕೊಲೆಯ ದಾಖಲೆಗಳನ್ನೂ ಓದಿದವಳು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಸಾಧ್ಯವಾದರೆ ಪೂರ್ತಿ ಹಾಕಿ.

ಮೊದಲನೆಯ ಮಾತು. ಅನುಮಾನ ಹುಟ್ಟಿಸಿದ್ದು ಕಾದಂಬರಿಕಾರರಲ್ಲ. ಕೆನಡಿ ಸತ್ತಿದ್ದು 1963ರ ನವೆಂಬರ್ 22ರ ಶುಕ್ರವಾರ ಮಧ್ಯಾಹ್ನ, ಡಲ್ಲಾಸ್ ನಗರದಲ್ಲಿ, ತೆರೆದ ಕಾರಿನಲ್ಲಿ ಹೋಗುವಾಗ. ಅದೇ ವಾರ ಗ್ಯಾಲಪ್ ಸಂಸ್ಥೆ ಜನರನ್ನು ಕೇಳಿದಾಗ ಶೇಕಡ 52 ಮಂದಿ ಇದು ಒಬ್ಬನ ಕೆಲಸ ಅಲ್ಲ, ಹಿಂದೆ ಬೇರೆಯವರೂ ಇದ್ದಾರೆ ಎಂದಿದ್ದರು. ಆಗ ಈ ಕೊಲೆಯ ಮೇಲೆ ಒಂದು ಕಾದಂಬರಿಯೂ ಬಂದಿರಲಿಲ್ಲ. ಬರೋದಕ್ಕೆ ಟೈಮ್ ಆದರೂ ಎಲ್ಲಿತ್ತು? ಜನ ಟಿವಿಯಲ್ಲಿ ಕಣ್ಣಾರೆ ಕಂಡಿದ್ದು ಏನು ಅಂದರೆ, ಆರೋಪಿ ಲೀ ಹಾರ್ವಿ ಆಸ್ವಾಲ್ಡ್‌ನನ್ನು ಪೊಲೀಸ್ ಕಚೇರಿಯ ನೆಲಮಾಳಿಗೆಯಲ್ಲಿ, ಸುತ್ತ ಪೊಲೀಸರು ಇರುವಾಗಲೇ, ಜ್ಯಾಕ್ ರೂಬಿ ಎಂಬ ನೈಟ್‌ಕ್ಲಬ್ ಮಾಲೀಕ ಹೊಟ್ಟೆಗೆ ಗುಂಡಿಟ್ಟು ಕೊಂದದ್ದು. ಕೊಲೆಯಾಗಿ ಎರಡೇ ದಿನಕ್ಕೆ ಆರೋಪಿಯೂ ಇಲ್ಲ. ವಿಚಾರಣೆ ಇಲ್ಲ, ಪಾಟೀಸವಾಲು ಇಲ್ಲ, ತೀರ್ಪು ಇಲ್ಲ. ಇದನ್ನು ನೋಡಿದ ಮನುಷ್ಯನಿಗೆ ಅನುಮಾನ ಬರಲು ಪುಸ್ತಕ ಬೇಕಾ?

ಆಸ್ವಾಲ್ಡ್ ಸತ್ತ ಮರುದಿನ, ನವೆಂಬರ್ 25ರಂದು, ಅಮೆರಿಕದ ನ್ಯಾಯ ಇಲಾಖೆಯ ಎರಡನೆಯ ಸ್ಥಾನದಲ್ಲಿದ್ದ ನಿಕೊಲಸ್ ಕಾಟ್ಜನ್‌ಬಾಕ್ ಶ್ವೇತಭವನಕ್ಕೆ ಒಂದು ಟಿಪ್ಪಣಿ ಕಳಿಸುತ್ತಾರೆ. ಅದರ ತಿರುಳು ಇಷ್ಟು: ಕೊಂದವನು ಆಸ್ವಾಲ್ಡ್, ಅವನ ಜೊತೆಗಾರರು ಯಾರೂ ಹೊರಗೆ ಉಳಿದಿಲ್ಲ ಎಂದು ಜನರಿಗೆ ಸಮಾಧಾನವಾಗಬೇಕು. ತನಿಖೆ ಇನ್ನೂ ಸರಿಯಾಗಿ ಶುರುವೇ ಆಗಿರಲಿಲ್ಲ. ಅವರ ಉದ್ದೇಶ ಕೆಟ್ಟದ್ದಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆಸ್ವಾಲ್ಡ್ ರಷ್ಯಾದಲ್ಲಿ ಎರಡೂವರೆ ವರ್ಷ ಇದ್ದು ಬಂದವನು, ಕ್ಯೂಬಾದ ಪರ ಕರಪತ್ರ ಹಂಚಿದವನು. ರಷ್ಯಾದವರೇ ಮಾಡಿಸಿದರು ಎಂಬ ಸುದ್ದಿ ಹಬ್ಬಿದರೆ ಅಣುಯುದ್ಧವೇ ಆಗಬಹುದು ಎಂಬ ಹೆದರಿಕೆ ಹೊಸ ಅಧ್ಯಕ್ಷ ಲಿಂಡನ್ ಜಾನ್ಸನ್‌ಗೆ ನಿಜವಾಗಿಯೂ ಇತ್ತು. ಆದರೆ ಉತ್ತರ ಮೊದಲು, ತನಿಖೆ ಆಮೇಲೆ ಅನ್ನುವಂಥ ಕಾಗದ ಮುಂದೆ ಯಾವತ್ತಾದರೂ ಹೊರಬಂದಾಗ ಜನ ಏನಂದುಕೊಳ್ಳುತ್ತಾರೆ, ಅಲ್ವಾ?

ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ನೇತೃತ್ವದ ಏಳು ಜನರ ಆಯೋಗ 1964ರ ಸೆಪ್ಟೆಂಬರ್‌ನಲ್ಲಿ 888 ಪುಟಗಳ ವರದಿ ಕೊಟ್ಟಿತು. ಆಸ್ವಾಲ್ಡ್ ಒಬ್ಬನೇ ಮಾಡಿದ್ದು ಎಂದಿತು. ಎರಡು ತಿಂಗಳ ನಂತರ ಸಾಕ್ಷಿಗಳ ಹೇಳಿಕೆ, ದಾಖಲೆ ಸೇರಿ 26 ಸಂಪುಟ ಹೊರಬಂದವು. ಸುಮ್ನೆ ತಳ್ಳಿಹಾಕುವ ಕೆಲಸ ಅಲ್ಲ ಅದು, ಈಗಲೂ ಆ ಸಂಪುಟಗಳು ಇಲ್ಲದೆ ಈ ವಿಷಯ ಮಾತಾಡುವುದಕ್ಕೇ ಆಗುವುದಿಲ್ಲ. ಆದರೆ ಆ ಆಯೋಗಕ್ಕೆ ಒಂದು ದೊಡ್ಡ ಸಂಗತಿಯನ್ನು ಯಾರೂ ಹೇಳಲೇ ಇಲ್ಲ. ಕ್ಯೂಬಾದ ಕಮ್ಯುನಿಸ್ಟ್ ನಾಯಕ ಫಿಡೆಲ್ ಕ್ಯಾಸ್ಟ್ರೊ ಅವರನ್ನು ಕೊಲ್ಲಿಸಲು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ವರ್ಷಗಟ್ಟಲೆ ಪ್ರಯತ್ನಪಟ್ಟಿತ್ತು, ಅದಕ್ಕೆ ಮಾಫಿಯಾದವರನ್ನೂ ಸೇರಿಸಿಕೊಂಡಿತ್ತು. ಆಯೋಗದ ಏಳು ಜನರಲ್ಲಿ ಒಬ್ಬರು ಆಲೆನ್ ಡಲ್ಲೆಸ್. ಅವರು ಆ ಸಂಚುಗಳು ಶುರುವಾದ ಕಾಲದಲ್ಲಿ ಸಿಐಎ ಮುಖ್ಯಸ್ಥರೇ ಆಗಿದ್ದವರು. ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು ಬಾಯಿ ಬಿಡಲಿಲ್ಲ.

ಇದೆಲ್ಲ ಅಧಿಕೃತವಾಗಿ ಹೊರಬಿದ್ದಿದ್ದು 1975ರಲ್ಲಿ, ಸೆನೆಟರ್ ಫ್ರಾಂಕ್ ಚರ್ಚ್ ಅವರ ಸಮಿತಿಯ ತನಿಖೆಯಲ್ಲಿ. ಅದರಲ್ಲಿ ಒಂದು ವಿವರ ಇದೆ, ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. 1963ರ ನವೆಂಬರ್ 22ರಂದೇ, ಕೆನಡಿ ಡಲ್ಲಾಸ್‌ನಲ್ಲಿ ಸಾಯುತ್ತಿದ್ದ ಅದೇ ದಿನ, ಪ್ಯಾರಿಸ್ಸಿನಲ್ಲಿ ಒಬ್ಬ ಸಿಐಎ ಅಧಿಕಾರಿ ಕ್ಯಾಸ್ಟ್ರೊ ಸರ್ಕಾರದ ಒಳಗಿನ ಮನುಷ್ಯನೊಬ್ಬನಿಗೆ ವಿಷ ಚುಚ್ಚುವ ಪೆನ್ನು ಕೊಡುತ್ತಿದ್ದರು, ಕ್ಯಾಸ್ಟ್ರೊ ಅವರನ್ನು ಕೊಲ್ಲಲು. ಯಾವ ಕಾದಂಬರಿಕಾರ ಇದನ್ನು ಕಲ್ಪಿಸಿ ಬರೆದಿದ್ದರೂ ನಾವು ಅತಿಯಾಯಿತು ಎನ್ನುತ್ತಿದ್ದೆವು. ಕ್ಯಾಸ್ಟ್ರೊ ಸಂಚಿನಲ್ಲಿ ಸಿಐಎ ಬಳಸಿಕೊಂಡಿದ್ದ ಶಿಕಾಗೋದ ಮಾಫಿಯಾ ನಾಯಕ ಸ್ಯಾಮ್ ಜಿಯಾಂಕಾನಾ ಆ ಸಮಿತಿಯ ಮುಂದೆ ಹೇಳಿಕೆ ಕೊಡುವ ಮೊದಲೇ, 1975ರ ಜೂನ್‌ನಲ್ಲಿ, ತನ್ನ ಮನೆಯಲ್ಲೇ ಗುಂಡೇಟಿಗೆ ಸತ್ತ. ಇನ್ನೊಬ್ಬ ಜಾನಿ ರೊಸೆಲ್ಲಿ ಸಮಿತಿಯ ಮುಂದೆ ಹೇಳಿಕೆ ಕೊಟ್ಟ, ಮರುವರ್ಷ ಅವನ ಹೆಣ ಮಿಯಾಮಿ ಹತ್ತಿರದ ನೀರಿನಲ್ಲಿ ಎಣ್ಣೆ ಡ್ರಮ್ಮಿನೊಳಗೆ ಸಿಕ್ಕಿತು. ಅದೇ 1975ರಲ್ಲಿ ಇನ್ನೊಂದು ಸಂಗತಿ ಬಯಲಾಯಿತು. ಕೊಲೆಗೆ ಕೆಲವೇ ವಾರ ಮೊದಲು ಆಸ್ವಾಲ್ಡ್ ಡಲ್ಲಾಸ್‌ನಲ್ಲಿದ್ದ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಕಚೇರಿಗೆ ಹೋಗಿ ಒಂದು ಚೀಟಿ ಬಿಟ್ಟು ಬಂದಿದ್ದ, ಅವನು ಸತ್ತ ಮೇಲೆ ಕಚೇರಿಯವರು ಅದನ್ನು ಹರಿದು ಶೌಚಾಲಯದಲ್ಲಿ ನೀರು ಬಿಟ್ಟಿದ್ದರು. ಗ್ಯಾಲಪ್ ಮತ್ತೆ 1976ರಲ್ಲಿ ಕೇಳಿದಾಗ ಪಿತೂರಿ ಎಂದವರು ಶೇಕಡ 81. ನಿಮ್ಮ ಲೇಖಕರು ಈ ಏರಿಕೆಯನ್ನು ಕಾದಂಬರಿಗಳ ತಲೆಗೆ ಕಟ್ಟುತ್ತಾರೆ. ನಾನು ಆ ಚೀಟಿಯ ಕಡೆ, ಆ ಪೆನ್ನಿನ ಕಡೆ, ಆ ಡ್ರಮ್ಮಿನ ಕಡೆ ಬೆರಳು ತೋರಿಸುತ್ತೇನೆ.

ಈಗ ಕಾದಂಬರಿಗಳಿಗೆ ಬರೋಣ. ಲೇಖಕರು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಬೈದಿದ್ದಾರೆ, ಒಂದರ ಹೆಸರನ್ನೂ ಹೇಳಿಲ್ಲ. ಇದು ನನಗೆ ಜಾಸ್ತಿ ಬೇಸರ ತಂದ ವಿಷಯ. ಏಕೆಂದರೆ ಇವುಗಳಲ್ಲಿ ಅಜಗಜಾಂತರ ಇದೆ.

1970ರ ದಶಕದ ನಡುವೆ ಚಾರ್ಲ್ಸ್ ಮೆಕ್ಯಾರಿ ಎಂಬವರು 'ದಿ ಟಿಯರ್ಸ್ ಆಫ್ ಆಟಮ್' ಬರೆದರು. ಅವರು ಸ್ವತಃ ಸಿಐಎಯಲ್ಲಿ ಕೆಲಸ ಮಾಡಿ ಬಂದವರು. ಅವರ ಕಥೆಯಲ್ಲಿ ಕೆನಡಿಯನ್ನು ಕೊಲ್ಲಿಸುವುದು ಮಾಫಿಯಾ ಅಲ್ಲ, ಕ್ಯೂಬಾ ಅಲ್ಲ, ವಿಯೆಟ್ನಾಮಿನ ಒಂದು ಕುಟುಂಬ. ದಕ್ಷಿಣ ವಿಯೆಟ್ನಾಮಿನ ಅಧ್ಯಕ್ಷ ಎನ್ಗೊ ದಿನ್ ಡಿಯೆಮ್ ಮತ್ತು ಅವರ ತಮ್ಮನನ್ನು ಸೇನಾ ಕ್ರಾಂತಿಯಲ್ಲಿ ಕೊಂದದ್ದು 1963ರ ನವೆಂಬರ್ 2ರಂದು. ಆ ಕ್ರಾಂತಿಗೆ ಅಮೆರಿಕದ ಒಪ್ಪಿಗೆ ಇತ್ತು. ಇಪ್ಪತ್ತೇ ದಿನಕ್ಕೆ ಕೆನಡಿ. ಮೆಕ್ಯಾರಿ ಈ ಎರಡು ತಾರೀಕುಗಳನ್ನು ಪಕ್ಕಪಕ್ಕ ಇಟ್ಟು ಇಡೀ ಕಾದಂಬರಿ ಕಟ್ಟಿದರು. ಇದು ನಡೆದದ್ದು ಎಂಬುದಕ್ಕೆ ಪುರಾವೆ ಇಲ್ಲ, ನಾನು ನಂಬುವುದೂ ಇಲ್ಲ. ಆದರೂ ಆ ಪುಸ್ತಕ ಓದಿದ ಮೇಲೆ ನನಗೆ ಒಂದು ವಿಷಯ ಮನಸ್ಸಿಗೆ ನಾಟಿತು, ಅದನ್ನು ಯಾವ ಆಯೋಗದ ವರದಿಯೂ ನಾಟಿಸಿರಲಿಲ್ಲ: ನಮ್ಮ ನಾಯಕ ಸತ್ತಾಗ ಜಗತ್ತೇ ಅಳಬೇಕು ಎಂದುಕೊಳ್ಳುವ ದೇಶ, ಇನ್ನೊಬ್ಬರ ನಾಯಕ ಸತ್ತಾಗ ಅವರ ಮನೆಯವರೂ ಅತ್ತರು ಎಂಬುದನ್ನು ಯೋಚಿಸಲೇ ಇಲ್ಲ. ಕಥೆಯ ನಾಯಕ ಪಾಲ್ ಕ್ರಿಸ್ಟೊಫರ್ ಸತ್ಯ ತಿಳಿದುಕೊಂಡು ಬಂದರೆ ವಾಷಿಂಗ್ಟನ್‌ನಲ್ಲಿ ಅದು ಯಾರಿಗೂ ಬೇಡ. ಅಮೆರಿಕದ ಓದುಗರಿಗೆ ಇಂಥ ಮಾತು ಹೇಳಲು ಎದೆಗಾರಿಕೆ ಬೇಕು, ಅದೂ ಸಿಐಎಯಿಂದ ಬಂದ ಮನುಷ್ಯ.

1988ರಲ್ಲಿ ಬಂದ ಡಾನ್ ಡೆಲಿಲೊ ಅವರ 'ಲಿಬ್ರಾ' ಇನ್ನೂ ದೊಡ್ಡ ಪುಸ್ತಕ. ನನ್ನ ಮಟ್ಟಿಗೆ ಈ ವಿಷಯದ ಮೇಲೆ ಬಂದ ಎಲ್ಲದರಲ್ಲೂ ಇದೇ ಮೇಲು. ಅದರಲ್ಲಿ ಸಂಚು ಇದೆ, ಆದರೆ ಅದು ಶುರುವಾಗುವುದು ಕೊಲ್ಲಲು ಅಲ್ಲ. ಕ್ಯೂಬಾದ ಮೇಲೆ ಮಾಡಿದ ದಾಳಿ ಸೋತ ಮೇಲೆ ಮೂಲೆಗೆ ತಳ್ಳಲ್ಪಟ್ಟ ಕೆಲವು ಸಿಐಎ ಮಂದಿ, ಅಧ್ಯಕ್ಷರ ಮೇಲೆ ಗುಂಡು ಹಾರಿಸಿ ಬೇಕೆಂದೇ ಗುರಿ ತಪ್ಪಿಸೋಣ, ತಪ್ಪು ಕ್ಯೂಬಾದ ಮೇಲೆ ಬರುವ ಹಾಗೆ ಮಾಡೋಣ, ಆಗ ದೇಶ ಮತ್ತೆ ಕ್ಯೂಬಾದ ಮೇಲೆ ಹೋಗುತ್ತದೆ ಎಂದು ಯೋಚನೆ ಹಾಕುತ್ತಾರೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಾ ಹೋಗುತ್ತಾ ಆ ಯೋಚನೆ ನಿಜವಾದ ಕೊಲೆಯಾಗಿಬಿಡುತ್ತದೆ, ಮೊದಲು ಶುರು ಮಾಡಿದವನಿಗೆ ಅದನ್ನು ನಿಲ್ಲಿಸುವ ಶಕ್ತಿ ಇರುವುದಿಲ್ಲ. ಎಲ್ಲ ಗೊತ್ತಿರುವ, ಎಲ್ಲವನ್ನೂ ನಡೆಸುವ ಒಬ್ಬ ಯಜಮಾನ ಕಪ್ಪು ಕೋಣೆಯಲ್ಲಿ ಕೂತಿದ್ದಾನೆ ಎಂಬ ಸುಲಭದ ಕಥೆ ಇಲ್ಲಿಲ್ಲ. ಅರ್ಧ ಗೊತ್ತಿರುವವರು, ಹೇಡಿಗಳು, ಹಠಮಾರಿಗಳು, ಸುಮ್ಮನೆ ಇದ್ದುಬಿಟ್ಟವರು, ಇವರೆಲ್ಲ ಸೇರಿ ಒಂದು ಅನಾಹುತ ಮಾಡುತ್ತಾರೆ. ಕಚೇರಿಗಳಲ್ಲಿ ಕೆಲಸ ಮಾಡಿದ ಯಾರಿಗಾದರೂ ಇದು ಎಷ್ಟು ನಿಜ ಅಂತ ಅನ್ನಿಸುತ್ತದೆ.

ಆ ಕಾದಂಬರಿಯಲ್ಲೇ ನಿಕೊಲಸ್ ಬ್ರ್ಯಾಂಚ್ ಎಂಬ ನಿವೃತ್ತ ಸಿಐಎ ವಿಶ್ಲೇಷಕ ಬರುತ್ತಾನೆ. ಕೊಲೆಯ ರಹಸ್ಯ ಇತಿಹಾಸ ಬರೆಯಲು ಸಿಐಎ ಅವನನ್ನೇ ನೇಮಿಸಿದೆ. ಕೋಣೆ ತುಂಬ ಕಡತ, ಪುಸ್ತಕ, ಫೋಟೊ, ವರದಿ. ವರ್ಷಗಟ್ಟಲೆ ಓದುತ್ತಲೇ ಇರುತ್ತಾನೆ, ಬರೆಯುವುದಕ್ಕೆ ಆಗುವುದಿಲ್ಲ, ಕೇಳಿದ್ದೆಲ್ಲ ಬರುತ್ತದೆ ಆದರೆ ಏನೋ ಬಂದಿಲ್ಲ ಎಂಬ ಶಂಕೆ ಬಿಡುವುದಿಲ್ಲ. ಕೆನಡಿ ಕೊಲೆಯ ಬಗ್ಗೆ ಗಂಭೀರವಾಗಿ ಓದುವ ಎಲ್ಲರ ಸ್ಥಿತಿಯೂ ಇದೇ. ಡೆಲಿಲೊ ಅವರ ದೊಡ್ಡತನ ಇರುವುದು ಆಸ್ವಾಲ್ಡ್‌ನನ್ನು ಮನುಷ್ಯನನ್ನಾಗಿ ಮಾಡಿದ್ದರಲ್ಲಿ. ಸಾಮಾನ್ಯ ಪಿತೂರಿ ಕಾದಂಬರಿಗಳಲ್ಲಿ ಆಸ್ವಾಲ್ಡ್ ಬರೀ ಒಂದು ಗೊಂಬೆ, ಯಾರೋ ಆಡಿಸುವವರು. ಇಲ್ಲಿ ಅವನು ಹುಟ್ಟುವ ಎರಡು ತಿಂಗಳ ಮೊದಲೇ ಅಪ್ಪನನ್ನು ಕಳಕೊಂಡ ಹುಡುಗ, ಊರೂರು ಅಲೆಯುವ ತಾಯಿಯ ಜೊತೆ ನ್ಯೂಯಾರ್ಕಿನ ಶಾಲೆ ತಪ್ಪಿಸಿ ತಿರುಗಿದವನು, ಹದಿನೇಳಕ್ಕೆ ಸೈನ್ಯಕ್ಕೆ ಸೇರಿದವನು, ರಷ್ಯಾಕ್ಕೆ ಹೋಗಿ ಮಿನ್ಸ್ಕ್ ನಗರದ ರೇಡಿಯೊ ಕಾರ್ಖಾನೆಯಲ್ಲಿ ದುಡಿದು ಅಲ್ಲೂ ಮನಸ್ಸು ನಿಲ್ಲದೆ ಹೆಂಡತಿ, ಕೈಗೂಸಿನ ಜೊತೆ ವಾಪಸ್ ಬಂದವನು. ಚರಿತ್ರೆಯಲ್ಲಿ ತನಗೂ ಒಂದು ಜಾಗ ಬೇಕು ಎಂದು ಹಸಿದವನು. ಸಾಯುವಾಗ ಅವನಿಗೆ ಬರೀ 24 ವರ್ಷ. ನಿಮ್ಮ ಲೇಖಕರು ಈ ಪುಸ್ತಕವನ್ನು ಓದಿದ್ದರೆ 'ಜನರ ತಲೆ ಕೆಡಿಸುವ ಸರಕು' ಎಂಬ ಮಾತು ಬರೆಯುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಪುಸ್ತಕದ ಕೊನೆಗೆ ಡೆಲಿಲೊ ಒಂದು ಟಿಪ್ಪಣಿ ಹಾಕಿದ್ದಾರೆ, ಇದು ಕಲ್ಪನೆಯ ಕೃತಿ, ಆಗಿದ್ದು ಹೀಗೇ ಎಂದು ಹೇಳಲು ನಾನು ಹೊರಟಿಲ್ಲ ಎನ್ನುವ ಅರ್ಥದಲ್ಲಿ. ಆ ಟಿಪ್ಪಣಿಗೆ ನಾನು ತುಂಬ ಬೆಲೆ ಕೊಡುತ್ತೇನೆ.

ಸ್ಟೀಫನ್ ಕಿಂಗ್ 2011ರಲ್ಲಿ ಬರೆದ '11/22/63' ಬೇರೆ ದಾರಿ ಹಿಡಿಯುತ್ತದೆ. ಒಬ್ಬ ಶಾಲಾ ಮೇಷ್ಟ್ರು ಹಿಂದಿನ ಕಾಲಕ್ಕೆ ಹೋಗಿ ಕೊಲೆ ತಡೆಯಲು ನೋಡುತ್ತಾನೆ, ಆದರೆ ಆಸ್ವಾಲ್ಡ್ ಒಬ್ಬನೇ ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳದೆ ಕೈ ಹಾಕುವಂತಿಲ್ಲ, ಅದಕ್ಕೇ ವರ್ಷಗಟ್ಟಲೆ ಕಾಯುತ್ತಾನೆ, ಪಕ್ಕದಲ್ಲಿ ಮನೆ ಮಾಡಿ ಕದ್ದು ಕೇಳುತ್ತಾನೆ. ಕಿಂಗ್ ಕೊನೆಯ ಮಾತಿನಲ್ಲಿ ಆಸ್ವಾಲ್ಡ್ ಒಬ್ಬನೇ ಮಾಡಿದ ಸಾಧ್ಯತೆ ಶೇಕಡ 98, ಬಹುಶಃ 99 ಎಂದು ತಮ್ಮ ಅಭಿಪ್ರಾಯ ನೇರವಾಗಿ ಹೇಳಿದ್ದಾರೆ. ಈ ವಿಷಯದ ಅತಿ ಹೆಚ್ಚು ಜನ ಓದಿದ ಕಾದಂಬರಿಗಳಲ್ಲಿ ಒಂದು ಪಿತೂರಿಯನ್ನು ಒಪ್ಪುವುದೇ ಇಲ್ಲ! ಇದನ್ನೂ ಲೇಖಕರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು. ಇನ್ನು ಜೇಮ್ಸ್ ಎಲ್‌ರಾಯ್ ಅವರ 'ಅಮೆರಿಕನ್ ಟ್ಯಾಬ್ಲಾಯ್ಡ್' ತುಂಬ ಒರಟು, ಎಲ್ಲರಿಗೂ ಹಿಡಿಸುವುದಿಲ್ಲ, ನನಗೂ ಅಲ್ಲಲ್ಲಿ ಕಷ್ಟವಾಯಿತು. ಆದರೆ ಅದು ಗುಂಡು ಹಾರುವ ಕ್ಷಣಕ್ಕೆ ಮೊದಲೇ ಮುಗಿದುಹೋಗುತ್ತದೆ. ಕೊಲೆಯನ್ನು ರಂಜನೆ ಮಾಡಬಾರದು ಎಂಬ ತೀರ್ಮಾನ ಅದರಲ್ಲಿ ನನಗೆ ಕಂಡಿತು.

ಹಾಗಂತ ಈ ಬಗೆಯ ಎಲ್ಲ ಪುಸ್ತಕವೂ ಚಿನ್ನ ಎಂದು ನಾನು ವಾದಿಸುತ್ತಿಲ್ಲ. ಕೆಟ್ಟವು ಬೇಕಾದಷ್ಟಿವೆ. ಅವುಗಳನ್ನು ಗುರುತಿಸುವುದು ಹೇಗೆ ಎಂದು ಓದುಗರಿಗೆ ಹೇಳಿಕೊಟ್ಟಿದ್ದರೆ ಆ ಲೇಖನದಿಂದ ಉಪಕಾರವಾಗುತ್ತಿತ್ತು. ನಾನು ನೋಡುವುದು ಒಂದೇ: ತನ್ನ ಕಥೆಗೆ ಅಡ್ಡ ಬರುವ ಸಂಗತಿಯನ್ನು ಕಾದಂಬರಿಕಾರ ಎದುರಿಸುತ್ತಾನಾ, ಇಲ್ಲ ಬಚ್ಚಿಡುತ್ತಾನಾ?

ಒಂದು ಉದಾಹರಣೆ ಕೊಡುತ್ತೇನೆ. ಗುಂಡು ಹಾರಿದ್ದು ಟೆಕ್ಸಸ್ ಶಾಲಾ ಪುಸ್ತಕ ಮಳಿಗೆಯ ಆರನೇ ಮಹಡಿಯಿಂದ. ಆಸ್ವಾಲ್ಡ್ ಅಲ್ಲಿ ಕೆಲಸಕ್ಕೆ ಸೇರಿದ್ದು ಅಕ್ಟೋಬರ್ 16ಕ್ಕೆ. ಅಲ್ಲಿ ಕೆಲಸ ಖಾಲಿ ಇದೆ ಎಂಬ ಮಾತು ಬಂದಿದ್ದು ಅವನ ಹೆಂಡತಿ ಉಳಿದುಕೊಂಡಿದ್ದ ಬೀದಿಯ ನೆರೆಹೊರೆಯ ಹೆಂಗಸರ ಕಾಫಿ ಹರಟೆಯಲ್ಲಿ. ಅಧ್ಯಕ್ಷರ ಮೆರವಣಿಗೆ ಆ ಕಟ್ಟಡದ ಮುಂದೆ ಹೋಗುತ್ತದೆ ಎಂದು ಗೊತ್ತಾಗಿದ್ದು ನವೆಂಬರ್‌ನಲ್ಲಿ. ಅಂದರೆ ಯಾವ ಸಂಚುಗಾರ ಅವನನ್ನು ಮೊದಲೇ ಅಲ್ಲಿ ಕೂರಿಸಿದ? ಈ ಪ್ರಶ್ನೆ ಬಂದ ಕೂಡಲೇ ಕೆಟ್ಟ ಕಾದಂಬರಿ ಪುಟ ಮಗುಚಿಬಿಡುತ್ತದೆ. ಡೆಲಿಲೊ ಹಾಗೆ ಮಾಡುವುದಿಲ್ಲ, ಆಕಸ್ಮಿಕವನ್ನೇ ಕಥೆಯ ನಡುವೆ ತಂದು ನಿಲ್ಲಿಸುತ್ತಾರೆ. ಬಂದೂಕಿನದೂ ಅದೇ ಕಥೆ. ಎ. ಹಿಡೆಲ್ ಎಂಬ ಸುಳ್ಳು ಹೆಸರಿನಲ್ಲಿ, ಅಂಚೆಯಲ್ಲಿ, 21 ಡಾಲರ್ 45 ಸೆಂಟ್ ಕೊಟ್ಟು ತರಿಸಿದ ಹಳೆಯ ಇಟಾಲಿಯನ್ ಬಂದೂಕು. ಅದೇ ಬಂದೂಕಿನಿಂದ ಏಪ್ರಿಲ್‌ನಲ್ಲಿ ಅವನು ಮಾಜಿ ಸೇನಾಧಿಕಾರಿ ಜನರಲ್ ಎಡ್ವಿನ್ ವಾಕರ್ ಅವರ ಮನೆಯ ಕಿಟಕಿಗೆ ಗುಂಡು ಹೊಡೆದು ಅವರನ್ನು ಕೊಲ್ಲಲು ನೋಡಿದ್ದ ಎಂದು ವಾರನ್ ಆಯೋಗ ತೀರ್ಮಾನಿಸಿತು. ಆಸ್ವಾಲ್ಡ್ ಏನೂ ಅರಿಯದ ಬಡಪಾಯಿ ಎಂದು ಬರೆಯುವವರು ಈ ವಾಕರ್ ಪ್ರಕರಣವನ್ನು ಮುಟ್ಟುವುದೇ ಇಲ್ಲ.

'ಮಾಯಾ ಗುಂಡು' ಎಂದು ಗೇಲಿ ಮಾಡುವ ವಾದ ಇನ್ನೊಂದು. ಒಂದೇ ಗುಂಡು ಕೆನಡಿಯ ಕುತ್ತಿಗೆ ದಾಟಿ ಮುಂದೆ ಕೂತಿದ್ದ ಟೆಕ್ಸಸ್ ರಾಜ್ಯದ ಗವರ್ನರ್ ಕಾನಲಿಗೆ ಹೊಕ್ಕಿತು ಎಂದರೆ ಅದು ಗಾಳಿಯಲ್ಲಿ ತಿರುವು ತೆಗೆದುಕೊಳ್ಳಬೇಕಿತ್ತು ಎಂದು ಚಿತ್ರ ಬರೆದು ತೋರಿಸುತ್ತಾರೆ. ಆದರೆ ಕಾನಲಿ ಕೂತಿದ್ದು ಕೆನಡಿಯ ನೇರ ಮುಂದೆ ಅಲ್ಲ, ಮಡಚುವ ಸೀಟಿನಲ್ಲಿ, ಕಾರಿನ ಒಳಬದಿಗೆ ಸ್ವಲ್ಪ ಸರಿದು, ಸ್ವಲ್ಪ ತಗ್ಗಿನಲ್ಲಿ. ಹಾಗೆ ಕೂರಿಸಿ ನೋಡಿದರೆ ಗೆರೆ ನೆಟ್ಟಗೇ ಹೋಗುತ್ತದೆ. ಧ್ವನಿ ಸಾಕ್ಷ್ಯದ್ದೂ ಹೀಗೇ. ಅಮೆರಿಕದ ಕೆಳಮನೆಯ ಸಮಿತಿಯೊಂದು 1979ರಲ್ಲಿ, ಪೊಲೀಸ್ ರೇಡಿಯೊ ಧ್ವನಿಮುದ್ರಣದಲ್ಲಿ ನಾಲ್ಕನೆಯ ಗುಂಡಿನ ಸದ್ದಿದೆ, ಹಾಗಾಗಿ ಬಹುಶಃ ಪಿತೂರಿ ಇತ್ತು ಎಂದಿತು. 1982ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ತಜ್ಞರು ಅದೇ ಮುದ್ರಣ ಪರೀಕ್ಷಿಸಿ, ಆ ಸದ್ದುಗಳು ಕೊಲೆಯಾಗಿ ಸುಮಾರು ಒಂದು ನಿಮಿಷದ ನಂತರದವು ಎಂದರು. 1979 ಅನ್ನು ಹೇಳಿ 1982 ಅನ್ನು ನುಂಗುವ ಪುಸ್ತಕವನ್ನು ನಾನು ಅಲ್ಲಿಗೇ ಮುಚ್ಚುತ್ತೇನೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ, ಅದನ್ನು ನಾನು ಕ್ಷಮಿಸಲಾರೆ. ಬದುಕಿದ್ದ, ಹೆಸರಿದ್ದ ಮನುಷ್ಯನ ತಲೆಗೆ ಕೊಲೆ ಕಟ್ಟುವುದು. ನ್ಯೂ ಓರ್ಲಿಯನ್ಸ್‌ನ ಸರ್ಕಾರಿ ವಕೀಲ ಜಿಮ್ ಗ್ಯಾರಿಸನ್, ಕ್ಲೇ ಶಾ ಎಂಬ ವ್ಯಾಪಾರಿಯ ಮೇಲೆ ಕೆನಡಿ ಕೊಲೆ ಸಂಚಿನ ಮೊಕದ್ದಮೆ ಹಾಕಿದರು. 1969ರಲ್ಲಿ ಜ್ಯೂರಿ ಒಂದು ಗಂಟೆಯೊಳಗೆ ಶಾ ನಿರಪರಾಧಿ ಎಂದಿತು. ಅಷ್ಟರಲ್ಲಿ ಆ ಮನುಷ್ಯನ ದುಡ್ಡು, ಆರೋಗ್ಯ, ಮರ್ಯಾದೆ ಎಲ್ಲ ಹೋಗಿತ್ತು. 1974ರಲ್ಲಿ ಅವರು ತೀರಿಕೊಂಡರು. 1991ರಲ್ಲಿ ಬಂದ ಪ್ರಸಿದ್ಧ ಹಾಲಿವುಡ್ ಚಿತ್ರ ಅದೇ ವಕೀಲರನ್ನು ನಾಯಕನನ್ನಾಗಿ ಮಾಡಿತು, ಶಾ ಮತ್ತೆ ಅಪರಾಧಿಯಾದರು, ಈ ಸಲ ಉತ್ತರ ಕೊಡಲು ಅವರಿರಲಿಲ್ಲ. ಕಾದಂಬರಿಕಾರ ಹೆಸರು ಬದಲಾಯಿಸಲಿ, ಹೊಸ ಪಾತ್ರ ಸೃಷ್ಟಿಸಲಿ, ಏನು ಬೇಕಾದರೂ ಕಲ್ಪಿಸಲಿ. ಕೋರ್ಟು ಬಿಟ್ಟ ಮನುಷ್ಯನನ್ನು ಕೊಲೆಗಾರ ಎಂದು ತೋರಿಸುವ ಹಕ್ಕು ಯಾರಿಗೂ ಇಲ್ಲ.

ಆದರೆ ಸಂಪಾದಕರೇ, ಅದೇ ಚಿತ್ರ ಎಬ್ಬಿಸಿದ ಗದ್ದಲದಿಂದಲೇ 1992ರಲ್ಲಿ ಅಮೆರಿಕದ ಸಂಸತ್ತು ಕೆನಡಿ ಕಡತಗಳನ್ನು ಹೊರಗೆ ಬಿಡುವ ಕಾನೂನು ಮಾಡಿತು. ಲಕ್ಷಾಂತರ ಪುಟ ಹೊರಬಂತು. ಕಟ್ಟುಕಥೆಯ ಒತ್ತಡ ಇಲ್ಲದೆ ಆ ಬೀರುಗಳು ತೆರೆಯುತ್ತಿರಲಿಲ್ಲ ಎಂಬುದನ್ನೂ ನಾನು ಒಪ್ಪಲೇಬೇಕು. ತೆರೆದಾಗ ಏನು ಸಿಕ್ಕಿತು? ಎರಡನೆಯ ಬಂದೂಕುಗಾರ ಸಿಗಲಿಲ್ಲ. ಸಿಕ್ಕಿದ್ದು ಜಾರ್ಜ್ ಜೊವಾನಿಡೆಸ್ ಎಂಬ ಸಿಐಎ ಅಧಿಕಾರಿಯ ವಿಷಯದಂಥವು. 1963ರಲ್ಲಿ ಮಿಯಾಮಿಯಲ್ಲಿ ಕೂತು, ಕ್ಯಾಸ್ಟ್ರೊ ವಿರೋಧಿ ವಿದ್ಯಾರ್ಥಿಗಳ ಒಂದು ಗುಂಪನ್ನು ಸಿಐಎ ಹಣದಲ್ಲಿ ನೋಡಿಕೊಳ್ಳುತ್ತಿದ್ದವರು ಇವರು. ಅದೇ ಗುಂಪಿನವರು ಆ ಆಗಸ್ಟ್‌ನಲ್ಲಿ ನ್ಯೂ ಓರ್ಲಿಯನ್ಸ್ ಬೀದಿಯಲ್ಲಿ ಆಸ್ವಾಲ್ಡ್ ಜೊತೆ ಜಗಳವಾಡಿದ್ದರು, ರೇಡಿಯೊದಲ್ಲಿ ವಾದ ಮಾಡಿದ್ದರು. 1978ರಲ್ಲಿ ಕೆಳಮನೆಯ ಸಮಿತಿ ತನಿಖೆ ಮಾಡುವಾಗ ಕಡತ ಒದಗಿಸಲು ಸಿಐಎ ಯಾರನ್ನು ಕಳಿಸಿತು? ಇದೇ ಜೊವಾನಿಡೆಸ್ ಅವರನ್ನು. ಅವರು ಯಾರು ಎಂಬುದನ್ನು ಸಮಿತಿಗೆ ಹೇಳಲೂ ಇಲ್ಲ. ಸಮಿತಿಯ ಮುಖ್ಯ ವಕೀಲ ರಾಬರ್ಟ್ ಬ್ಲೇಕಿ, ಸಿಐಎ ಕೊಟ್ಟ ಮಾಹಿತಿಯನ್ನು ಅಲ್ಲಿಯವರೆಗೆ ನಂಬಿದ್ದವರು, ಬಹಳ ವರ್ಷದ ನಂತರ ಇದು ಗೊತ್ತಾದಾಗ ತಮಗೆ ಮೋಸವಾಯಿತು ಎಂದರು. ಇದು ಕೊಲೆಯ ಸಂಚಿಗೆ ಪುರಾವೆಯಲ್ಲ. ಮುಚ್ಚಿಟ್ಟರು ಎಂಬುದಕ್ಕೆ ಮಾತ್ರ ಪುರಾವೆ. ಒಂದು ಸಂಸ್ಥೆ ತನ್ನ ಮಾನ ಉಳಿಸಿಕೊಳ್ಳಲು, ತನ್ನ ಬೇರೆ ಪಾಪಗಳನ್ನು ಅಡಗಿಸಲು ಸುಳ್ಳು ಹೇಳುತ್ತದೆ, ಆ ಸುಳ್ಳು ಸಿಕ್ಕಿಬಿದ್ದಾಗ ಜನ ಅದನ್ನು ಕೊಲೆಯ ಸಾಕ್ಷಿ ಎಂದು ತಿಳಿಯುತ್ತಾರೆ. ಅರುವತ್ತು ವರ್ಷದಿಂದ ಆಗುತ್ತಿರುವುದು ಇದೇ. 2025ರ ಮಾರ್ಚ್‌ನಲ್ಲಿ ಮತ್ತೆ ಸಾವಿರಾರು ಪುಟ ಬಂದಾಗಲೂ ಕೊಲೆಗಾರನ ಹೆಸರು ಬದಲಾಗಲಿಲ್ಲ. ಬಂದ ವಿವರಗಳಲ್ಲಿ ಬಹುಪಾಲು ಸಿಐಎ ಬೇರೆ ದೇಶಗಳಲ್ಲಿ ಹೇಗೆ ಕೆಲಸ ಮಾಡುತ್ತಿತ್ತು ಎಂಬುದರ ಬಗ್ಗೆ. ಇಷ್ಟನ್ನು ಮೊದಲೇ ಕೊಟ್ಟಿದ್ದರೆ ಎಷ್ಟೋ ಕೆಟ್ಟ ಪುಸ್ತಕಗಳಿಗೆ ಮಾರುಕಟ್ಟೆಯೇ ಇರುತ್ತಿರಲಿಲ್ಲ.

ಇದು ನಮಗೆ ದೂರದ ಮಾತೂ ಅಲ್ಲ. 1991ರ ಮೇ 21ರ ರಾತ್ರಿ ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆಯಾಯಿತು. ಆ ಸಂಚಿನ ಮುಖ್ಯಸ್ಥ ಶಿವರಾಸನ್ ಕೊನೆಗೆ ಅಡಗಿದ್ದು ಬೆಂಗಳೂರಿನ ಕೋಣನಕುಂಟೆಯ ಒಂದು ಮನೆಯಲ್ಲಿ. ಆಗಸ್ಟ್ 20ರ ಬೆಳಿಗ್ಗೆ ಕಮಾಂಡೊಗಳು ಒಳಗೆ ನುಗ್ಗಿದಾಗ ಒಬ್ಬರೂ ಜೀವಂತ ಇರಲಿಲ್ಲ. ಆಗ ಬೆಂಗಳೂರಿನಲ್ಲಿದ್ದವರಿಗೆ ಆ ದಿನಗಳ ಮಾತು ಇನ್ನೂ ನೆನಪಿದೆ: ಜೀವಂತ ಹಿಡಿಯಬಹುದಿತ್ತಾ, ಒಳಗೆ ನುಗ್ಗಲು ಯಾಕೆ ಅಷ್ಟು ತಡವಾಯಿತು, ಅವನು ಬಾಯಿ ಬಿಟ್ಟಿದ್ದರೆ ಏನು ಹೇಳುತ್ತಿದ್ದ. ಆಸ್ವಾಲ್ಡ್ ಸತ್ತಾಗ ಡಲ್ಲಾಸ್‌ನಲ್ಲಿ ಎದ್ದ ಪ್ರಶ್ನೆಗಳೂ ಇವೇ. ಇಲ್ಲೂ ಒಂದು ಕ್ಯಾಮೆರಾ ಇತ್ತು. ಡಲ್ಲಾಸ್‌ನಲ್ಲಿ ಬಟ್ಟೆ ವ್ಯಾಪಾರಿ ಏಬ್ರಹಾಂ ಝಪ್ರೂಡರ್ ತೆಗೆದ 26 ಸೆಕೆಂಡಿನ ಚಿತ್ರ ಹೇಗೋ ಹಾಗೆ, ಶ್ರೀಪೆರುಂಬುದೂರಿನಲ್ಲಿ ಸ್ಫೋಟದಲ್ಲೇ ಸತ್ತ ಫೋಟೊಗ್ರಾಫರ್‌ನ ಕ್ಯಾಮೆರಾದಲ್ಲಿ ಉಳಿದ ಚಿತ್ರಗಳು ತನಿಖೆಗೆ ದಾರಿ ತೋರಿಸಿದವು. ಇಲ್ಲೂ ಆಯೋಗಗಳು ಬಂದವು. ಜೈನ್ ಆಯೋಗದ ಮಧ್ಯಂತರ ವರದಿಯ ಗಲಾಟೆಯಲ್ಲಿ 1997ರಲ್ಲಿ ಗುಜ್ರಾಲ್ ಸರ್ಕಾರವೇ ಬಿದ್ದುಹೋಯಿತು. ಇಷ್ಟೆಲ್ಲ ನಮ್ಮ ಊರಿನಲ್ಲೇ, ನಮ್ಮ ಕಣ್ಣೆದುರೇ ನಡೆದರೂ ಕೋಣನಕುಂಟೆಯ ಆ ದಿನಗಳ ಮೇಲೆ 'ಲಿಬ್ರಾ'ದ ಗಾತ್ರದ, ಅಷ್ಟು ಗಟ್ಟಿಯಾದ ಕನ್ನಡ ಕಾದಂಬರಿಯೊಂದು ನನ್ನ ಕೈಗೆ ಸಿಕ್ಕಿಲ್ಲ. ನಮ್ಮ ಬರಹಗಾರರು ಇದನ್ನು ಬರೆಯಬೇಕು ಎಂಬ ಆಸೆ ನನಗೆ ತುಂಬಾ ಇದೆ. ಇಂಥ ಹೊತ್ತಿನಲ್ಲಿ, ಈ ಬಗೆಯ ಪುಸ್ತಕವೇ ಕೆಟ್ಟದ್ದು ಎಂದು ದೊಡ್ಡ ಪತ್ರಿಕೆಯ ಪುರವಣಿ ಬರೆದರೆ ಯಾವ ಯುವ ಬರಹಗಾರ ಕೈ ಹಾಕುತ್ತಾನೆ, ಯಾವ ಪ್ರಕಾಶಕ ಮುಂದೆ ಬರುತ್ತಾನೆ?

ಗ್ರಂಥಾಲಯದ ವಿಷಯ ಹೇಳಿ ಮುಗಿಸುತ್ತೇನೆ, ಏಕೆಂದರೆ ಲೇಖನದಲ್ಲಿ ನನಗೆ ನಿಜವಾಗಿ ನೋವಾಗಿದ್ದು ಅಲ್ಲೇ. ಪತ್ತೇದಾರಿ, ಥ್ರಿಲ್ಲರ್ ಕೇಳಿಕೊಂಡು ಬಂದ ಹುಡುಗರು ಆಮೇಲೆ ಚರಿತ್ರೆಯ ಕಪಾಟಿಗೆ ಹೋಗುವುದನ್ನು ನಾನು ನೋಡಿದ್ದೇನೆ. ಕ್ಯೂಬಾ ಎಲ್ಲಿದೆ, ಡಿಯೆಮ್ ಯಾರು ಎಂದು ಯಾರೂ ಒಬ್ಬ ಹತ್ತೊಂಬತ್ತರ ಹುಡುಗನಿಗೆ ಹೇಳಿಕೊಡುವುದಿಲ್ಲ, ಕಾದಂಬರಿ ಹೇಳಿಕೊಡುತ್ತದೆ, ಆಮೇಲೆ ನಿಜ ಏನು ಎಂದು ಅವನೇ ಹುಡುಕುತ್ತಾನೆ. ವಾರನ್ ಆಯೋಗದ ವರದಿ ಅಮೆರಿಕದ ರಾಷ್ಟ್ರೀಯ ದಾಖಲೆ ಭಂಡಾರದ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಕಾದಂಬರಿ ಕೊಡುವಾಗ ಇದನ್ನೂ ನೋಡಪ್ಪ ಎಂದು ಹೇಳಿದರೆ ಸಾಕು. ಪುಸ್ತಕ ಕೊಳ್ಳುವ ಪಟ್ಟಿಯಿಂದ ಇವುಗಳನ್ನು ತೆಗೆದುಹಾಕಿ ಎಂಬ ಮಾತನ್ನು ಲೇಖಕರು ವಾಪಸ್ ತೆಗೆದುಕೊಳ್ಳಬೇಕು ಎಂದು ನಿಮ್ಮ ಪತ್ರಿಕೆಯ ಮೂಲಕವೇ ಕೇಳುತ್ತಿದ್ದೇನೆ. ಅವರು ಉತ್ತರ ಬರೆದರೆ ದಯವಿಟ್ಟು ಅದನ್ನೂ ಪ್ರಕಟಿಸಿ. ಆದರೆ ಈ ಸಲ ಅವರು ಯಾವ ಕಾದಂಬರಿ ಓದಿದ್ದಾರೆ, ಅದರಲ್ಲಿ ಯಾವ ಪುಟ ತಪ್ಪು ಎಂದು ಹೆಸರು ಹಿಡಿದು ಬರೆಯಲಿ.

ಇಂತಿ ನಿಮ್ಮ ಹಳೆಯ ಓದುಗಾರ್ತಿ,
ನಿವೃತ್ತ ಗ್ರಂಥಪಾಲಕಿ, ದಾವಣಗೆರೆ